ಊರಿನ ಕಾರ್ಡು, ಪುಣೆಯ ರೇಷನ್

ಪುಣೆಯ ವಾಕಡ, ಹಿಂಜವಡಿ ಕಡೆ ಕಟ್ಟಡ ಕೆಲಸಕ್ಕೆ ಬಂದಿರುವ ಕಲಬುರಗಿ, ಯಾದಗಿರಿ, ವಿಜಯಪುರದ ಕುಟುಂಬಗಳ ಬಿಪಿಎಲ್ ಕಾರ್ಡು ಬಹುಪಾಲು ಊರಲ್ಲೇ ಉಳಿದಿರುತ್ತದೆ. ಇಲ್ಲಿ ತಗಡಿನ ಶೆಡ್ಡಿನ ಸಂಸಾರ ನಡೆಯುವುದು ಕಿರಾಣಿ ಅಂಗಡಿಯ ಉದ್ರಿಯ ಮೇಲೆ. ಮಳೆ ಹಿಡಿದು ಕೆಲಸ ನಿಂತರೆ ಉದ್ರಿಯೂ ನಿಲ್ಲುತ್ತದೆ. ನಾವು ಕೆಲವು ಗೆಳತಿಯರು ಮೊದಲು ಚಂದಾ ಎತ್ತಿ ದಿನಸಿ ಕಿಟ್ ಹಂಚುತ್ತಿದ್ದೆವು. ಆದರೆ ಕಾನೂನಿನಲ್ಲೇ ಅವರ ಪಾಲಿನ ಧಾನ್ಯ ಇರುವಾಗ ಅವರು ನಮ್ಮ ಮುಂದೆ ಕೈಯೊಡ್ಡುವುದು ನನಗೆ ಸಹಿಸಲಾಗಲಿಲ್ಲ.

‘ಒಂದು ರಾಷ್ಟ್ರ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿಯಲ್ಲೇ ಸೇರಿವೆ. 2013ರ ಆಹಾರ ಭದ್ರತಾ ಕಾಯ್ದೆಯಡಿ ಬರುವ ಬಿಪಿಎಲ್ ಕಾರ್ಡಾದರೆ ತಲೆಗೆ 5 ಕೆ.ಜಿ. ಧಾನ್ಯ ಇಲ್ಲೂ ಸಿಗಬೇಕು, 2023ರಿಂದ ಪುಕ್ಕಟೆ. ಕಾರ್ಡು ಕೈಯಲ್ಲಿ ಇರಬೇಕೆಂದಿಲ್ಲ, ನಂಬರ್ ಗೊತ್ತಿದ್ದು ಆಧಾರ್ ಜೋಡಣೆ ಆಗಿದ್ದರೆ ಸಾಕು.

ದೊಡ್ಡ ತೊಡಕು ಮನೆಯೊಳಗಿನದು. ಊರಲ್ಲಿರುವ ಅತ್ತೆ ಎಲ್ಲರ ಪಾಲನ್ನೂ ಎತ್ತಿದ್ದರೆ ಇಲ್ಲಿನ ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಬಾಕಿ ಸೊನ್ನೆ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೆಂದು ಜಗಳ ಶುರುವಾಗುತ್ತದೆ. ಅದಕ್ಕೇ ತಿಂಗಳ ಮೊದಲಲ್ಲೇ ಊರಿಗೆ ಫೋನ್ ಹಚ್ಚಿಸುತ್ತೇವೆ. “ಅತ್ತೀ, ನಿಮ್ದು ಮಾಮಾರ್ದು ಅಷ್ಟ ಎತ್ತರಿ, ನಮ್ಮ ನಾಕು ಮಂದೀದು ಇಲ್ಲಿ ತಗೋತೀವಿ” ಎಂದು ಸೊಸೆಯೇ ಹೇಳಬೇಕು. ನಾನು ಹೇಳಿದರೆ ಆ ಮುದುಕಿಗೆ ಅನುಮಾನ. ಒಂದೇ ಕಾರ್ಡಿನ ಧಾನ್ಯವನ್ನು ಹೀಗೆ ಎರಡು ಕಡೆ ಎತ್ತಬಹುದು ಎಂಬುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ಆಮೇಲೆ ಹೆಬ್ಬೆಟ್ಟು. ಸಿಮೆಂಟ್ ಕಲಸುವವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಬಿಸಿನೀರಲ್ಲಿ ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ ಬರಲು ಹೇಳುತ್ತೇವೆ. ಹೆಬ್ಬೆಟ್ಟು ಆಗದಿದ್ದರೆ ಉಂಗುರದ ಬೆರಳು ಇಡಿಸುತ್ತೇವೆ. ಅದು ಕಡಿಮೆ ಸವೆದಿರುತ್ತದೆ. ಅದೂ ಆಗದಿದ್ದರೆ ಕಾರ್ಡಿನಲ್ಲಿ ಹೆಸರಿರುವ ದೊಡ್ಡ ಮಗಳನ್ನು ಕಳಿಸಿ ಅನ್ನುತ್ತೇವೆ.

ಒಬ್ಬ ಅಂಗಡಿಯವರು “ಹೊರಗಿನವರಿಗೆ ಕೊಟ್ಟರೆ ನಮ್ಮ ಕಾರ್ಡಿನವರಿಗೆ ಎಲ್ಲಿಂದ ತರಲಿ?” ಎಂದು ತಿರುಗಿ ಕಳಿಸುತ್ತಿದ್ದರು. ಅವರ ಹೆದರಿಕೆಯಲ್ಲೂ ಹುರುಳಿದೆ, ಗೋದಾಮಿನಿಂದ ಬರುವ ಚೀಲಗಳು ಎಣಿಸಿದಷ್ಟೇ. ಈಗ ಯಾವ ಶೆಡ್ಡಿನಿಂದ ಎಷ್ಟು ಮನೆಯವರು ಬರುತ್ತಾರೆಂದು ಮುಂಚೆಯೇ ಮರಾಠಿಯಲ್ಲಿ ಬರೆದು ಕೊಡುತ್ತೇವೆ. ಜಗ್ಗದ ಕಡೆ ಅವರ ಎದುರಿಗೇ 14445 ಸಹಾಯವಾಣಿಗೆ ಫೋನ್ ಮಾಡುತ್ತೇವೆ, ಆದರೆ ದನಿ ಏರಿಸುವುದಿಲ್ಲ. ಮುಂದಿನ ತಿಂಗಳೂ ಆ ಹೆಂಗಸರು ಅದೇ ಅಂಗಡಿಯ ಕಟ್ಟೆ ಹತ್ತಬೇಕಲ್ಲ.

ಕರ್ನಾಟಕ ಸರ್ಕಾರ ಅನ್ನಭಾಗ್ಯದಲ್ಲಿ ಸೇರಿಸಿ ಕೊಡುವ ಹೆಚ್ಚುವರಿ ಪಾಲು ಇಲ್ಲಿ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗೋಧಿ, ಅಕ್ಕಿ ಬಂದರೂ ಜೋಳ ಕೊಂಡೇ ತರಬೇಕು. ಬಸುರಿ, ಬಾಣಂತಿಯರನ್ನು, ಆರು ವರ್ಷದೊಳಗಿನ ಮಕ್ಕಳನ್ನು ಹತ್ತಿರದ ಅಂಗನವಾಡಿಯಲ್ಲಿ ಬೇರೆಯಾಗಿ ಹೆಸರು ಹಚ್ಚಿಸುತ್ತೇವೆ.

ಉಳಿದಿರುವ ಕೆಲಸ ಕಾರ್ಡಿನಲ್ಲಿ ಹೆಸರೇ ಇಲ್ಲದ ಕೂಸುಗಳದು. ಪುಣೆಯಲ್ಲಿ ಹುಟ್ಟಿದರೂ ಹೆಸರು ಸೇರಬೇಕಾದ್ದು ಕರ್ನಾಟಕದ ಕಾರ್ಡಿಗೆ. ಈ ಸಲ ಜಾತ್ರೆಗೆ ಊರಿಗೆ ಹೊರಟವರ ಕೈಗೆ ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಝೆರಾಕ್ಸ್ ಕಟ್ಟಿಕೊಡುತ್ತಿದ್ದೇವೆ. ಅಲ್ಲಿ ಅರ್ಜಿ ಹಾಕಿದ ರಸೀದಿಯ ಫೋಟೋ ನಮಗೆ ಕಳಿಸಬೇಕೆಂದು ಹೇಳಿದ್ದೇವೆ.