ಟಗರು ಕಟ್ಟಿ ಮೇಯಿಸಿದ ಲೆಕ್ಕ

"ಕುರಿ ಅಂದ್ರ ಅಡವಿ ಜೀವ. ಕಟ್ಟಿ ಹಾಕಿದ್ರ ಉಳಿತಾವೇನು ತಮ್ಮಾ?" ಅಂತ ನಮ್ಮ ಕಾಕಾ ನಾಲ್ಕು ಮಂದಿ ಮುಂದೆ ನಕ್ಕಿದ್ದರು. ಈಗ ಅವರೇ ಮಗನಿಗೊಂದು ಶೆಡ್ ಹಾಕಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ಕಡೆ. ನಾರಾಯಣಪುರ ಕಾಲುವೆ ನೀರು ಹರಿದಲ್ಲೆಲ್ಲ ಭತ್ತ ಬಂತು, ಮೇವಿನ ಬೀಳು ಹೋಯಿತು. ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ರೈತರು ಕೊಡುವ ದುಡ್ಡು, ಜೋಳ ಮಂದೆಯವರ ಹೊಟ್ಟೆಗೇ ಸರಿ. ಹೆಣ್ಣು ಕುರಿಗಳನ್ನು ತಮ್ಮನ ಮಂದೆಗೆ ಬಿಟ್ಟು ನಾನು ಗಂಡು ಮರಿ ಶೆಡ್ಡಿನಲ್ಲಿ ಕಟ್ಟಿ ಮೇಯಿಸಿ ಮಾರಲು ಇಳಿದೆ. ನಮ್ಮ ಕಡೆಯ ಕೆಂಪು ತಳಿ ಕೆಂಗುರಿ ಮಾತ್ರ.

ಮೊದಲ ವರ್ಷ ಕರುಳು ಬೇನೆ ಬಡಿಯಿತು. ಸಂಜೆ ಚೆನ್ನಾಗಿ ಮೇದ ಮರಿ ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತಿತ್ತು. ಲಸಿಕೆ ಆಗಿದೆ ಅಂತ ಸಂತೆಯಲ್ಲಿ ಮಾರಿದವನು ಆಣೆ ಮಾಡಿದ್ದ! ಎಂಬತ್ತು ಸಾವಿರದಷ್ಟು ಮಣ್ಣಾಯಿತು. ಈಗ ಯಾರ ಮಾತೂ ನಂಬಲ್ಲ. ಬಂದ ವಾರವೇ ಜಂತಿನ ಔಷಧ, ಆಮೇಲೆ ಕರುಳು ಬೇನೆ ಲಸಿಕೆ, ಎರಡು ಮೂರು ವಾರಕ್ಕೆ ಮತ್ತೊಂದು ಡೋಸ್, ನಂತರ ಪಿಪಿಆರ್ ಅನ್ನೋ ಅಂಟುಬೇನೆಯ ಲಸಿಕೆ. ಕಾಳು ಶುರುವಿನಲ್ಲಿ ಹಿಡಿಯಷ್ಟೇ.

ಮರುವರ್ಷ ದೊಡ್ಡ ಟಗರುಗಳೇ ಮೂತ್ರ ಕಟ್ಟಿ ಒದ್ದಾಡಿದವು. ಬೆನ್ನು ಬಗ್ಗಿಸಿ ತಿಣುಕುತ್ತಾ ನಿಲ್ಲುತ್ತಿದ್ದವು, ಬೀಳುವುದು ಹನಿ ಮಾತ್ರ. ಗೋಧಿ ಬೂಸಾ ಇಳಿಸಿ, ಉಪ್ಪು ಏರಿಸಿ, ತೊಟ್ಟಿಯ ನೀರು ದಿನಕ್ಕೆರಡು ಸಲ ಬದಲಿಸಿದ ಮೇಲೆ ನಿಂತಿತು. ಹೊಲಸು ನೀರಿಗೆ ಟಗರು ಬಾಯಿ ಹಚ್ಚಲ್ಲ, ನಿಮಗೂ ಗೊತ್ತಲ್ವಾ.

ಲಾಭ ಇರುವುದು ಮೇವಿನಲ್ಲಿ. ತೊಗರಿ ರಾಶಿ ನಡೆಯುವಾಗ ಹೊಟ್ಟು ಅಗ್ಗ. ಎರಡು ತಿಂಗಳು ತಡ ಮಾಡಿದರೆ ಹೆಚ್ಚುಕಮ್ಮಿ ಡಬಲ್. ಹಾಗಾಗಿ ಕಣದಿಂದಲೇ ಟ್ರ್ಯಾಕ್ಟರ್ ತುಂಬಿಸುತ್ತೇನೆ. ಕಲಬುರಗಿ ದಾಲ್ ಮಿಲ್ಲಿನ ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಸಿಪ್ಪೆ, ನುಚ್ಚು), ಸ್ವಲ್ಪ ಮೆಕ್ಕೆಜೋಳ ನುಚ್ಚು ಜೊತೆಗೆ. ಕೊನೇ ತಿಂಗಳು ಚುನ್ನಿಗೆ ಇನ್ನೊಂದು ಬೆರೆಸುತ್ತೇನೆ, ಮೈ ಮಿಂಚುತ್ತದೆ. ಅದನ್ನು ಮಾತ್ರ ಕೇಳಬೇಡಿ. ಪಕ್ಕದಲ್ಲೇ ಮೂರು ಶೆಡ್ ಎದ್ದಿವೆ.

ಏಳೆಂಟು ತಿಂಗಳ ಮರಿಗೆ ಎಂಟೂವರೆ ಸಾವಿರ ಕೊಟ್ಟಿದ್ದೆ, ಮೇವು ಔಷಧ ನಾಲ್ಕು ಸಾವಿರದ ಹತ್ತಿರ ಆಯಿತು. ಬಕ್ರೀದ್ ಸಂತೆಯಲ್ಲಿ ಹದಿನೆಂಟರ ಆಸುಪಾಸು ಹೋದವು. ನಲವತ್ತರ ಮೇಲೆ ಇದ್ದವು, ಲೆಕ್ಕ ನೀವೇ ಹಾಕಿಕೊಳ್ಳಿ. ನನ್ನ ಕೂಲಿ ಹಿಡಿದಿಲ್ಲ. ಬಕ್ರೀದ್ ಸಂತೆಯಲ್ಲಿ ತೂಕದ ಮಾತೇ ಇಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಾಲುಹಲ್ಲು ಬಿದ್ದು ಹೊಸವು ಬಂದಿದ್ದರೆ ರೇಟೇ ಬೇರೆ. ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಮರಿ ಕೊಳ್ಳುವುದನ್ನೂ ಅದಕ್ಕೆ ತಕ್ಕಂತೆ ಮುಂಚೆ ಮಾಡಬೇಕು.

ಬೇಸಿಗೆಗೆ ಮುಂಚೆ ಕತ್ತರಿಸಿದ ಕೂದಲು ಮಾರಲು ಹೋದೆ. ಕಂಬಳಿ ನೇಯುವವರು ಮುಟ್ಟಿಯೂ ನೋಡಲಿಲ್ಲ, ಕೆಂಗುರಿಯ ಒರಟು ಕೂದಲು ಅವರ ಕೆಲಸಕ್ಕೆ ಬರಲ್ಲ. ಸುಮ್ನೆ ನಿಂಬೆ ಗಿಡದ ಬುಡಕ್ಕೆ ಹಾಸಿದೆ. ತೇವ ಚೆನ್ನಾಗಿ ನಿಲ್ಲುತ್ತಿದೆ, ಇರುವೆ ಮಾತ್ರ ಜಾಸ್ತಿಯಾಗಿವೆ. ಗೊಬ್ಬರಕ್ಕಂತೂ ಮೆಣಸಿನಕಾಯಿ ಹೊಲದವರು ಮುಂಗಡ ಕೊಟ್ಟು ಹೋಗಿದ್ದಾರೆ.