ಹುಬ್ಬಳ್ಳಿಯಲ್ಲಿ ಕೂತು ಮತ್ತೆ ಫ್ರೀಸ್ಪೇಸ್ 2 ಆಡಿದೆ

ಫ್ರೀಸ್ಪೇಸ್ 2 ಅಂದ್ರೆ ಬಾಹ್ಯಾಕಾಶದಲ್ಲಿ ಯುದ್ಧವಿಮಾನ ಹಾರಿಸಿ ಕಾದಾಡೋ ಕಂಪ್ಯೂಟರ್ ಆಟ. ಬಂದದ್ದು 1999ರಲ್ಲಿ. ಮಾಡಿದವರು ವೊಲಿಷನ್, ಹೊರತಂದವರು ಇಂಟರ್‌ಪ್ಲೇ. ಆಡಿದವರು ಬಾಯ್ತುಂಬ ಹೊಗಳಿದರು, ಮಾರಾಟ ಮಾತ್ರ ಅಷ್ಟಕ್ಕಷ್ಟೇ. ಕಾಲೇಜಿನಲ್ಲಿದ್ದಾಗ ವಿದ್ಯಾನಗರದ ಗೆಳೆಯನ ರೂಮಿನಲ್ಲಿ ಅರ್ಧಂಬರ್ಧ ಆಡಿದ್ದೆ. ಈ ಮಳೆಗಾಲದಲ್ಲಿ ಪೂರ್ತಿ ಮುಗಿಸಿದೆ. ಹೇಗೆ ಅಂತ ಬರೀತೀನಿ, ಯಾಕಂದ್ರೆ ಇದನ್ನು ಇನ್ನೂ ನಾಲ್ಕು ಜನ ಆಡಬೇಕು.

ಹಳೇ ಸಿಡಿ ಹುಡುಕಬೇಕಿಲ್ಲ, ಆಟಗಳನ್ನು ಮಾರೋ ಜಿಒಜಿ ವೆಬ್‌ಸೈಟಿನಲ್ಲಿ ಕೊಳ್ಳಬಹುದು. ವೊಲಿಷನ್ 2002ರಲ್ಲಿ ಆಟದ ಸೋರ್ಸ್ ಕೋಡನ್ನೇ, ಅಂದರೆ ಅದರ ಮೂಲ ಪ್ರೋಗ್ರಾಮನ್ನೇ, ಬಿಟ್ಟುಕೊಟ್ಟಿತು. ಅವತ್ತಿನಿಂದ ಅಭಿಮಾನಿಗಳು ಅದನ್ನು ಫ್ರೀಸ್ಪೇಸ್ ಓಪನ್ ಹೆಸರಿನಲ್ಲಿ ಬೆಳೆಸುತ್ತಾ ಬಂದಿದ್ದಾರೆ. ಆಟವನ್ನು ಇಳಿಸಿ ಶುರು ಮಾಡಿಕೊಡೋ ನಾಸೋಸ್ ಅನ್ನೋ ಲಾಂಚರ್ ಹಾಕಿಕೊಂಡು, ಕೊಂಡ ಆಟದ ಫೈಲುಗಳನ್ನು ತೋರಿಸಿದರೆ ಉಳಿದದ್ದನ್ನು ಅದೇ ಇಳಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲೂ ನಡೆಯುತ್ತದೆ. ಗ್ರಾಫಿಕ್ಸ್ ಸುಧಾರಿಸೋ ಮೀಡಿಯಾವಿಪಿ ಪ್ಯಾಕ್ ಸೇರಿಸಿದರೆ ಬಾಹ್ಯಾಕಾಶ ಹಡಗುಗಳು ಹೊಸ ಆಟದವುಗಳಂತೆ ಕಾಣುತ್ತವೆ. ಡೌನ್‌ಲೋಡ್ ದೊಡ್ಡದು, ರಾತ್ರಿ ಹಚ್ಚಿಟ್ಟು ಮಲಗಿ.

ಮೌಸ್ ಹಿಡಿದೂ ಆಡಬಹುದು. ನಾನು ಬೇಡ ಅಂತೀನಿ. ಕೊಪ್ಪಿಕರ್ ರೋಡಿನ ಕಡೆ ಜಾಯ್‌ಸ್ಟಿಕ್ ಕೇಳಿದರೆ ಗೇಮ್‌ಪ್ಯಾಡ್ ತೋರಿಸಿದರು, ಹಾಗಾಗಿ ಆನ್‌ಲೈನ್‌ನಲ್ಲಿ ತರಿಸಿದೆ. ತಿರುಚಲು ಬರೋ ಸ್ಟಿಕ್ಕೇ ತಗೊಳ್ಳಿ. ತಿರುಚಿದರೆ ವಿಮಾನ ಪಕ್ಕಕ್ಕೆ ಉರುಳುವ ಹಾಗೆ ಸೆಟ್ ಮಾಡಿಕೊಂಡರೆ, ದೊಡ್ಡ ಹಡಗಿನ ಮೈಗೆ ಅಂಟಿಕೊಂಡು ಹಾರೋದು ಸುಲಭ.

ಈ ಆಟದ ಜೀವ ಇರೋದು ಶಕ್ತಿ ಹಂಚೋದರಲ್ಲಿ. ಗನ್, ಹೊಡೆತ ತಡೆಯೋ ಶೀಲ್ಡ್, ಇಂಜಿನ್ ಮೂರೂ ಒಂದೇ ಕಡೆಯಿಂದ ಶಕ್ತಿ ಎಳೆಯುತ್ತವೆ. ಒಂದಕ್ಕೆ ಜಾಸ್ತಿ ಕೊಟ್ಟರೆ ಉಳಿದೆರಡಕ್ಕೆ ಕಡಿಮೆ. ಇನ್ಸರ್ಟ್ ಒತ್ತಿದರೆ ಗನ್‌ಗೆ, ಹೋಮ್ ಒತ್ತಿದರೆ ಶೀಲ್ಡ್‌ಗೆ, ಪೇಜ್ ಅಪ್ ಒತ್ತಿದರೆ ಇಂಜಿನ್‌ಗೆ ಏರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಈ ಕೀಗಳು ಒಂದೊಂದು ಮೂಲೆಯಲ್ಲಿರುತ್ತವೆ. ಅದಕ್ಕೇ ಮೂರನ್ನೂ ಸ್ಟಿಕ್ಕಿನ ಬಟನ್‌ಗಳಿಗೆ ಹಾಕಿಕೊಂಡೆ. ಅಲ್ಲಿಂದ ಆಟವೇ ಬೇರೆ ಆಯಿತು. ಹಿಂದೆ ಶತ್ರು ಬಿದ್ದಿದ್ದಾನೆ, ಹಿಂಭಾಗದ ಶೀಲ್ಡ್ ಕರಗುತ್ತಿದೆ ಅಂದುಕೊಳ್ಳಿ. ಗನ್‌ನಿಂದ ಕಿತ್ತು ಇಂಜಿನ್‌ಗೆ ಕೊಡಿ, ಟ್ಯಾಬ್ ಒತ್ತಿ ವೇಗ ಏರಿಸೋ ಆಫ್ಟರ್‌ಬರ್ನರ್ ಹಚ್ಚಿ. ದೂರ ಸಿಕ್ಕ ಕೂಡಲೇ ಕ್ಯೂ ಒತ್ತಿ. ನಾಲ್ಕೂ ಕಡೆಯ ಶೀಲ್ಡ್ ಸಮ ಆಗುತ್ತದೆ. ಈಗ ಶಕ್ತಿಯನ್ನು ಗನ್‌ಗೆ ತಂದು ತಿರುಗಿ ನಿಲ್ಲಿ. ಇಷ್ಟೂ ಕೆಲಸ ಯೋಚಿಸದೆ ಬೆರಳಿನಲ್ಲಿ ನಡೆಯಬೇಕು. ನಡೆಯೋಕೆ ಶುರುವಾದಾಗ ಸಿಗೋ ಖುಷಿಯನ್ನು ಇತ್ತೀಚಿನ ಯಾವ ಆಟವೂ ನನಗೆ ಕೊಟ್ಟಿಲ್ಲ.

ನಮ್ಮ ದೊಡ್ಡ ಹಡಗನ್ನು ಕಾಯೋ ಮಿಷನ್‌ಗಳಲ್ಲಿ ಸುಮ್ನೆ ಬಾಂಬರ್‌ಗಳ ಬೆನ್ನು ಹತ್ತಬೇಡಿ. ಬಿ ಒತ್ತಿದರೆ ಹಾರಿ ಬರುತ್ತಿರೋ ಬಾಂಬೇ ಗುರಿಗೆ ಸಿಗುತ್ತದೆ. ಅದನ್ನು ದಾರಿಯಲ್ಲೇ ಹೊಡೆದು ಉರುಳಿಸಬಹುದು. ಹಡಗು ಉಳಿಯೋದು ಅದರಿಂದಲೇ. ಟ್ರೇನಿಂಗ್ ಮಿಷನ್ ಬಿಡಬೇಡಿ, ಮೊದಲ ಸಲ ಈಸಿಯಲ್ಲೇ ಆಡಿ.

ಇನ್ನು ಗಾತ್ರ. ಕೊಲೊಸಸ್ ಅನ್ನೋ ಹಡಗಿನ ಉದ್ದ ಆರು ಕಿಲೋಮೀಟರ್ ಮೇಲೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಅಂಥ ನಾಲ್ಕನ್ನು ಸಾಲಾಗಿ ಜೋಡಿಸಿದಷ್ಟು. ಅದರ ಪಕ್ಕ ಹಾರುವಾಗ ನಿಮ್ಮ ವಿಮಾನ ಏನೇನೂ ಅಲ್ಲ. ಎರಡು ದೊಡ್ಡ ಹಡಗುಗಳು ಒಂದರ ಮೇಲೊಂದು ಬೀಮ್, ಅಂದರೆ ಉರಿಯೋ ಕಿರಣ, ಬಿಡೋಕೆ ಶುರು ಮಾಡಿದರೆ ಇಡೀ ಪರದೆಯೇ ಬೆಳಗುತ್ತದೆ. ನಡುವೆ ಸಿಕ್ಕರೆ ಮುಗೀತು. ನಮ್ಮ ಅಣ್ಣನ ಮಗ ಮೊದಲು "ಗ್ರಾಫಿಕ್ಸ್ ಹಳೇದೈತಿ ಬಿಡ್ರಿ ಕಾಕಾ" ಅಂದಿದ್ದ. ಬೀಮ್ ಹೊಡೆದ ಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಅದನ್ನ ಹೆಂಗ ಒಡೀತೀರಿ?" ಅಂತ ಕೇಳಿದ. ಮೊದಲು ಅದರ ಬೀಮ್ ತೋಪುಗಳನ್ನೇ ಗುರಿ ಹಿಡಿದು ಮುರಿಯಬೇಕು ಅಂತ ತೋರಿಸಿಕೊಟ್ಟೆ. ನೆಬ್ಯುಲಾ (ಬಾಹ್ಯಾಕಾಶದ ಅನಿಲ-ಧೂಳಿನ ಮೋಡ) ಒಳಗಿನ ಮಿಷನ್‌ಗಳನ್ನು ಮಾತ್ರ ಇಯರ್‌ಫೋನ್ ಹಾಕಿಕೊಂಡು, ಲೈಟ್ ಆರಿಸಿ ಆಡಿ. ಮಂಜಿನಲ್ಲಿ ಕಣ್ಣಿಗೆ ಏನೂ ಕಾಣಲ್ಲ, ರಾಡಾರ್ ಕೂಡ ಕೈ ಕೊಡುತ್ತದೆ.

1998ರ ಮೊದಲ ಫ್ರೀಸ್ಪೇಸ್ ಇನ್ನೂ ಬಾಕಿ ಇದೆ. ಅಭಿಮಾನಿಗಳು ಮಾಡಿದ ಎಫ್‌ಎಸ್‌ಪೋರ್ಟ್ ಅನ್ನೋ ಮಾಡ್ (ಆಟಕ್ಕೆ ಸೇರಿಸೋ ಪ್ಯಾಕ್) ಹಾಕಿದರೆ ಅದರ ಕಥೆಯನ್ನೂ ಇದೇ ಇಂಜಿನ್‌ನಲ್ಲಿ ಆಡಬಹುದು. ಅದನ್ನು ಇಳಿಸೋಕೆ ಹಚ್ಚಿದ್ದೀನಿ.