ಕ್ಲಚ್ ಹೋಗಿದೆ ಅಂದ ಮೂರು ಚಕ್ರದ ಬೈಕ್ ಕೊಂಡ ಕಥೆ

"ಮೂರು ಚಕ್ರದ ಬೈಕ್, ಅದೂ ಹಳೆಯದು, ಸಾಲದ್ದಕ್ಕೆ ಕ್ಲಚ್ ಬೇರೆ ಜಾರುತ್ತಿದೆ. ತಲೆ ಕೆಟ್ಟಿದೆಯಾ?" ಎಂದು ಕೇಳಿದವರೇ ಜಾಸ್ತಿ. ಆ ಬೈಕ್ ನನ್ನ ಕೈಗೆ ಬಂದು ಎರಡು ವರ್ಷವಾಯಿತು. ಹತ್ತಿರ ಹತ್ತಿರ 14,000 ಕಿಲೋಮೀಟರ್ ಓಡಿಸಿದ್ದೇನೆ. ಕ್ಲಚ್ ಪ್ಲೇಟ್ ಇನ್ನೂ ಹಳೆಯದೇ. ಈಗ ಬರೆಯಬಹುದು ಅಲ್ವಾ?

ನನ್ನದು ಕ್ಯಾನ್-ಆ್ಯಮ್ ಸ್ಪೈಡರ್, 998 ಸಿಸಿ ವಿ-ಟ್ವಿನ್, ಎಸ್‌ಎಂ5, ಅಂದರೆ ಕೈಯಲ್ಲಿ ಕ್ಲಚ್ ಹಿಡಿಯುವ ಮ್ಯಾನುಯಲ್ ಮಾದರಿ. ಮುಂದೆ ಎರಡು ಚಕ್ರ, ಹಿಂದೆ ಒಂದು. ಐದು ಗೇರ್, ಒಂದು ರಿವರ್ಸ್. ಕ್ಲಚ್ ಹಿಡಿದು ಗೇರ್ ಹಾಕಿದರೇ ಸಮಾಧಾನ ಅನ್ನುವವರಿಗೆ ಮೂರು ಚಕ್ರದಲ್ಲಿ ಆಯ್ಕೆ ಕಡಿಮೆ. ಅದೇ ಕಂಪನಿಯ ರೈಕರ್ ಸಿವಿಟಿ, ಅಂದರೆ ಕ್ಲಚ್ ಹಿಡಿದು ಗೇರ್ ಹಾಕುವ ಕೆಲಸವೇ ಇಲ್ಲದ್ದು. ಪಿಯಾಜಿಯೊ ಎಂಪಿ3 ಕೂಡ ಸಿವಿಟಿ. ಯಮಹಾ ನಿಕೆನ್‌ಗೆ ಆರು ಗೇರ್ ಇದೆ, ಆದರೆ ಅದು ವಾಲುವ ಗಾಡಿ. ನಿಂತಾಗ ಕಾಲು ಊರಬೇಕು, ನನ್ನ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ.

ಇದಕ್ಕೂ ಮೊದಲು ಎರಡು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲನೆಯದು ಸೈಡ್‌ಕಾರ್. ಥ್ರಾಟಲ್ ಕೊಟ್ಟರೆ ಒಂದು ಕಡೆ ಎಳೆಯುತ್ತಿತ್ತು, ಬಿಟ್ಟರೆ ಇನ್ನೊಂದು ಕಡೆ. ಮೂರು ತಿಂಗಳು ಟೋ-ಇನ್, ಅಂದರೆ ಪಕ್ಕದ ಚಕ್ರ ಒಳಕ್ಕೆ ತಿರುಗಿರುವ ಅಳತೆ, ಸರಿಮಾಡುವುದರಲ್ಲೇ ಕಳೆದೆ. ಮಾರುವಾಗ ಹಾಕಿದ ದುಡ್ಡಲ್ಲಿ ಕಾಲು ಭಾಗ ಹೋಯಿತು.

ಎರಡನೆಯದು ಗೆಳೆಯರ ಮಾತು ಕೇಳಿ ಕೊಂಡ ಎಸ್‌ಇ5 ಸ್ಪೈಡರ್, ಅಂದರೆ ಸೆಮಿ ಆಟೋಮ್ಯಾಟಿಕ್. ನಾನು ನೋಡಲು ಹೋದಾಗ ಎಂಜಿನ್ ಆಗಲೇ ಬಿಸಿ ಇತ್ತು. ಬಟನ್ ಒತ್ತಿದ ತಕ್ಷಣ ಸ್ಟಾರ್ಟ್ ಆಯಿತು, ಖುಷಿಪಟ್ಟೆ. ಮರುದಿನ ಬೆಳಿಗ್ಗೆ ಡ್ಯಾಶ್‌ಬೋರ್ಡ್ ತುಂಬಾ ಎಚ್ಚರಿಕೆ ದೀಪ. ಮೆಕ್ಯಾನಿಕ್ ಸೆನ್ಸರ್ ಅಂದರು, ಬದಲಿಸಿದೆ. ಇನ್ನೊಂದು ಸೆನ್ಸರ್ ಅಂದರು, ಅದನ್ನೂ ಬದಲಿಸಿದೆ. ಕೊನೆಗೆ ನೋಡಿದರೆ ಬ್ಯಾಟರಿ ಸತ್ತಿತ್ತು. ವೋಲ್ಟೇಜ್ ಇಳಿದರೆ ಈ ಗಾಡಿಯ ಕಂಪ್ಯೂಟರ್ ಇಲ್ಲದ ರೋಗವನ್ನೆಲ್ಲ ಹೇಳುತ್ತದೆ. ಬೈಕಿನ ಬೆಲೆಯ ನೂರಕ್ಕೆ ಎಂಟರಷ್ಟು ಸುಮ್ನೆ ಹೋಯಿತು. ಹಿಡಿಯಲು ಕ್ಲಚ್ ಇಲ್ಲದ ಬೇಸರವೂ ಸೇರಿ, ಅದನ್ನೂ ಮಾರಿದೆ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳುವುದು, ಹೋದ ಕೂಡಲೇ ಎಂಜಿನ್ ಹತ್ತಿರ ಕೈ ಹಿಡಿಯುವುದು. ಬೆಚ್ಚಗಿದ್ದರೆ ವಾಪಸ್. ಎರಡು ಸಲ ಹಾಗೇ ಬಂದಿದ್ದೇನೆ.

ಈ ಎಸ್‌ಎಂ5 ಐದು ತಿಂಗಳಿಂದ ಮಾರಾಟವಾಗದೆ ನಿಂತಿತ್ತು. ಎಂಜಿನ್ ತಣ್ಣಗಿದ್ದಾಗ ಓಡಿಸಿದೆ, ಏನೂ ತೊಂದರೆ ಇಲ್ಲ. 20 ನಿಮಿಷ ಕಳೆದ ಮೇಲೆ ಏರಿನಲ್ಲಿ ಐದನೇ ಗೇರ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟೆ. ಆರ್‌ಪಿಎಂ ಮುಳ್ಳು ಏರಿತು, ವೇಗ ಅಲ್ಲೇ ಇತ್ತು, ಅಂದರೆ ಕ್ಲಚ್ ಜಾರುತ್ತಿದೆ. ಮೂರನೇ ಗೇರ್‌ನಲ್ಲಿ ಮಾತ್ರ ಜಾರಲಿಲ್ಲ. ಲಿವರ್ ಬಿಡುವಾಗ ಕ್ಲಚ್ ಕಚ್ಚುವ ಜಾಗವೂ ಸರಿಯಾಗಿತ್ತು, ಫ್ಲೂಯಿಡ್ ಸ್ವಚ್ಛವಾಗಿತ್ತು. ವಾಪಸ್ ತಂದು ನಿಲ್ಲಿಸುವಾಗ ಗ್ಯಾರೇಜ್ ಮೂಲೆಯಲ್ಲಿ ಖಾಲಿ ಆಯಿಲ್ ಕ್ಯಾನ್ ಕಂಡಿತು. ಕಾರಿನ ಆಯಿಲ್! ಇಂಧನ ಉಳಿಸುವ ಜಾತಿಯದು, ಅಂದರೆ ಘರ್ಷಣೆ ಕಡಿಮೆ ಮಾಡುವ ಸೇರ್ಪಡೆ ಇರುವಂಥದ್ದು. ಇದರಲ್ಲಿ ಕ್ಲಚ್ ಮುಳುಗಿರುವುದು ಎಂಜಿನ್ ಆಯಿಲ್‌ನಲ್ಲೇ. ಅಂಥ ಆಯಿಲ್ ಹಾಕಿದರೆ ಪ್ಲೇಟ್ ಸವೆಯದಿದ್ದರೂ ಕ್ಲಚ್ ಜಾರಬಹುದು.

ಬಾಯಿ ಬಿಡಲಿಲ್ಲ. ಕ್ಲಚ್ ಪ್ಲೇಟ್, ಸ್ಪ್ರಿಂಗ್, ಕೂಲಿ, ಹಿಂದಿನ ಟೈರ್, ಬ್ಯಾಟರಿ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಓದಿ ಹೇಳಿ ಸುಮ್ಮನೆ ನಿಂತೆ. ಕೇಳಿದ ಬೆಲೆಯಲ್ಲಿ ಮೂರನೇ ಒಂದು ಭಾಗ ಇಳಿಯಿತು. ತಪ್ಪು ಆಯಿಲ್‌ನದು ಅನ್ನುವ ನನ್ನ ಊಹೆ ಸುಳ್ಳಾದರೂ ಪ್ಲೇಟಿನ ದುಡ್ಡು ಆಗಲೇ ಕೈಯಲ್ಲಿತ್ತು, ಹಾಗಾಗಿ ಇದು ಜೂಜಲ್ಲ. ಚೀಟಿ ಓದುವ ಮೊದಲು ಕೇಳಿದ ಒಂದು ಪ್ರಶ್ನೆ ಮಾತ್ರ ಇಲ್ಲಿ ಹೇಳುವುದಿಲ್ಲ. ಇನ್ನೊಂದು ಬೈಕ್ ಕೊಳ್ಳುವುದು ಬಾಕಿ ಇದೆ.

ಜಾಸೊ ಎಂಎ ಗುರುತಿನ, ಅಂದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಒಗ್ಗುವ ಬೈಕ್ ಆಯಿಲ್ ಹಾಕಿದೆ. ಹಳೆಯದನ್ನು ಎರಡೂ ಡ್ರೈನ್ ಬೋಲ್ಟ್ ಬಿಚ್ಚಿಯೇ ಇಳಿಸಿದ್ದೆ. ಆದರೂ 300 ಕಿಲೋಮೀಟರ್‌ವರೆಗೆ ಜಾರುತ್ತಲೇ ಇತ್ತು. ಗೆಳೆಯರು "ಪ್ಲೇಟ್ ಆರ್ಡರ್ ಮಾಡು ಮಾರಾಯ" ಎಂದು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಒಂದು ರಾತ್ರಿ ಆರ್ಡರ್ ಮಾಡಲೆಂದೇ ಕೂತಿದ್ದೆ. 400ರ ಹತ್ತಿರ ಆ ಆಯಿಲ್ ಚೆಲ್ಲಿ ಮತ್ತೆ ಹೊಸದು ಹಾಕಿದೆ. ಎರಡು ಆಯಿಲ್‌ಗಳ ನಡುವೆ ಗಾಡಿಯನ್ನು ಹೇಗೆ ಓಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. 700 ದಾಟುವಷ್ಟರಲ್ಲಿ ಜಾರುವುದು ನಿಂತಿತು. ಅದೇ ಏರು, ಅದೇ ಐದನೇ ಗೇರ್. ಮುಳ್ಳು ಮತ್ತು ವೇಗ ಜೊತೆಜೊತೆಗೆ ಏರಿದವು. ಎರಡು ಸಲದ ಆಯಿಲ್ ಖರ್ಚು ಪ್ಲೇಟಿನ ಖರ್ಚಿನಲ್ಲಿ ಐದನೇ ಒಂದು ಭಾಗವೂ ಆಗಲಿಲ್ಲ.

ಒಂದು ಮಾತು: ಕಚ್ಚುವ ಜಾಗ ಲಿವರ್‌ನ ತುದಿಗೆ ಬಂದಿದ್ದರೆ, ಮೂರನೇ ಗೇರ್‌ನಲ್ಲೂ ಜಾರಿದರೆ, ನಾನು ಆ ಗಾಡಿ ಮುಟ್ಟುತ್ತಿರಲಿಲ್ಲ.

ಬೈಕ್ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು. ಲೇಸರ್ ಅಲೈನ್‌ಮೆಂಟ್‌ಗೆ ದುಡ್ಡು ಯಾಕೆ ಎಂದು ಹಿಂದಿನ ಚಕ್ರದಿಂದ ಮುಂದಕ್ಕೆ ದಾರ ಕಟ್ಟಿ ಅಳೆದೆ. ಎರಡು ಭಾನುವಾರ ಹೋಯಿತು. ಆಮೇಲೆ ಲೇಸರ್‌ನಲ್ಲೂ ನೋಡಿಸಿದೆ. ನನ್ನ ದಾರ ತಪ್ಪಿದ್ದು 2 ಮಿಲಿಮೀಟರ್ ಅಷ್ಟೇ! ಮುಂದಿನ ಟೈರ್‌ಗೆ 20 ಪಿಎಸ್‌ಐ ಗಾಳಿ ಹಾಕಿ ನೋಡಿದೆ, ಹ್ಯಾಂಡಲ್ ತೀರಾ ಚುರುಕಾಗಿ ಕೈ ನೋಯುತ್ತಿತ್ತು. ಈಗ ಮುಂದೆ 17, ಹಿಂದೆ 28.

ಬಲಗೈ ಬೆರಳುಗಳು ಮಾತ್ರ ಇನ್ನೂ ಒಮ್ಮೊಮ್ಮೆ ಇಲ್ಲದ ಬ್ರೇಕ್ ಲಿವರ್ ಹುಡುಕುತ್ತವೆ. ಮೂರೂ ಚಕ್ರಕ್ಕೆ ಇರುವುದು ಒಂದೇ ಕಾಲು ಬ್ರೇಕ್. ಮೊದಲ ವಾರ ಒಂದು ತಿರುವಿನಲ್ಲಿ ಗಾಳಿಯನ್ನೇ ಹಿಂಡಿದ್ದೆ. ಗೆಳೆಯರಿಗೆ ಅದನ್ನು ಹೇಳಿಲ್ಲ.